ಗುಜರಿಗೆ ಹೋದ ಗೇಮ್ ಮಿಷನ್‌ಗಳ ಬಗ್ಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ತುಮಕೂರಿನಲ್ಲಿ ನನ್ನದು ಟೀವಿ ರಿಪೇರಿ ಅಂಗಡಿ. ಕಾಯಿನ್ ಹಾಕಿ ನಿಂತುಕೊಂಡು ಆಡುವ ವಿಡಿಯೋ ಗೇಮ್ ಮಿಷನ್ ಇದ್ದವಲ್ಲ, ಆ ಆಳೆತ್ತರದ ಪೆಟ್ಟಿಗೆಗಳು, ಅವನ್ನೂ ವರ್ಷಗಟ್ಟಲೆ ರಿಪೇರಿ ಮಾಡಿದ್ದೇನೆ. ಈಗ ಅವನ್ನು ಹುಡುಕಿಕೊಂಡು ನಮ್ಮಂಥವರ ಹತ್ತಿರ ಬರುವವರು ಜಾಸ್ತಿ ಆಗಿದ್ದಾರೆ. ಬೆಂಗಳೂರಿನಿಂದ ಬರುತ್ತಾರೆ, ನಮ್ಮ ತಿಪಟೂರು, ಶಿರಾ ಕಡೆ ಹುಡುಗರೂ ಬರುತ್ತಾರೆ. ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. "ಆವಾಗ ಎರಡು ಸಾವಿರಕ್ಕೆ ಕೊಡ್ತೀನಿ ಅಂದಿದ್ರು ಸಾರ್, ಬೇಡ ಅಂದ್ಬಿಟ್ಟೆ." "ಇಡೋಕೆ ಜಾಗ ಇರ್ಲಿಲ್ಲ." "ಮನೇಲಿ ಒಪ್ಪಲಿಲ್ಲ." "ಗಾಡಿ ಮಾಡ್ಕೊಂಡು ಬರೋಷ್ಟರಲ್ಲಿ ಹೋಗಿತ್ತು." ಇದಾದ ಮೇಲೆ ತಪ್ಪದೇ ಬರುವ ಮಾತು, ಈಗ ಅದೇ ಮಿಷನ್‌ಗೆ ಎಷ್ಟು ಬೆಲೆ ಗೊತ್ತಾ ಅಂತ.

ಅವರ ಹೊಟ್ಟೆ ಉರಿ ನನಗೆ ಅರ್ಥ ಆಗುತ್ತದೆ. ಆದರೆ ಆ ಮಾತಿನಲ್ಲಿ ಬರೀ ಬೆಲೆಯೇ ಇರುತ್ತದೆ. ಆ ಮಿಷನ್ ಆಮೇಲೆ ಏನಾಯಿತು ಅಂತ ಕೇಳುವವರು ಕಡಿಮೆ. ನಾನು ತಗೊಳ್ಳಲಿಲ್ಲ, ಬೇರೆ ಯಾರೋ ತಗೊಂಡಿರುತ್ತಾರೆ ಅಂದುಕೊಂಡಿರುತ್ತಾರೆ. ಬೇರೆ ಯಾರೂ ತಗೊಳ್ಳಲಿಲ್ಲ. ನಾನು ಕಣ್ಣಾರೆ ಕಂಡ ಮಟ್ಟಿಗೆ ನಮ್ಮೂರಿನ ಮಿಷನ್‌ಗಳಲ್ಲಿ ಬಹಳಷ್ಟು ಸೀದಾ ಗುಜರಿಗೆ ಹೋದವು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ಗುಜರಿಯಲ್ಲಿ ಒಂದು ಮಿಷನ್ ಏನಾಗುತ್ತದೆ ಅಂತ ನೋಡಿದವರಿಗೇ ಗೊತ್ತು. ಮೊದಲು ಹಿಂದಿನ ಬಾಗಿಲು ಒದ್ದು ಮುರಿಯುತ್ತಾರೆ, ಬೀಗದ ಕೈ ಯಾರ ಹತ್ತಿರವೂ ಇರುವುದಿಲ್ಲ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಕಬ್ಬಿಣದ ರಾಡಿನಿಂದ ಒಂದು ಏಟು. ಬುಸ್ ಅಂತ ಗಾಳಿ ಒಳಕ್ಕೆ ನುಗ್ಗುತ್ತದೆ, ಟ್ಯೂಬಿನ ಕಥೆ ಮುಗಿಯಿತು. ಕುತ್ತಿಗೆಯ ಸುತ್ತ ಇರುವ ಯೋಕ್ ಕಾಯಿಲಿನಲ್ಲಿ ತಾಮ್ರ ಇದೆ, ಅವರಿಗೆ ಬೇಕಾದದ್ದು ಅದು. ಗೇಮ್ ಇರುವ ಸರ್ಕ್ಯೂಟ್ ಬೋರ್ಡು ಚೀಲಕ್ಕೆ, ಕಬ್ಬಿಣದ ಕಾಯಿನ್ ಡಬ್ಬ ಇನ್ನೊಂದು ರಾಶಿಗೆ, ಪ್ಲೈವುಡ್ ಸೌದೆಗೆ. ಸೀಸ ಇರುವ ಗಾಜು ಯಾರಿಗೂ ಬೇಡ, ಅದು ಚರಂಡಿ ಪಕ್ಕ ಬಿದ್ದಿರುತ್ತದೆ. ಊರಿನ ಅರ್ಧ ಹುಡುಗರು ಸ್ಕೂಲು ಬಿಟ್ಟಮೇಲೆ ಮುತ್ತಿಕೊಳ್ಳುತ್ತಿದ್ದ ಮಿಷನ್ ಅದು. ಅರ್ಧ ಗಂಟೆಯಲ್ಲಿ ಇಲ್ಲವಾಗುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬರು ಗೇಮ್ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚುವಾಗ ಅವರ ಹತ್ತಿರ ಒಂದು ನಿಯೋ ಜಿಯೋ ಇತ್ತು. ಎಸ್‌ಎನ್‌ಕೆ ಕಂಪನಿ 1990ರಲ್ಲಿ ತಂದ ಸಿಸ್ಟಮ್ ಅದು, ಕ್ಯಾಸೆಟ್ ಬದಲಾಯಿಸಿದರೆ ಗೇಮೇ ಬದಲಾಗುತ್ತದೆ. ಮೆಟಲ್ ಸ್ಲಗ್ ಹಾಕಿದ್ದರು, ಆ ಗೇಮ್ 1996ರದು. ಒಬ್ಬ ಹುಡುಗ ಬಂದ, ಒಳ್ಳೇ ಕೆಲಸದಲ್ಲಿದ್ದವನು, ಆಸೆಯಿಂದಲೇ ಬಂದಿದ್ದ. ಐನೂರು ರೂಪಾಯಿ ಕಡಿಮೆ ಮಾಡಿ ಅಂತ ಕೂತ. ಅವರು ಮಾಡಲಿಲ್ಲ. ಆಮೇಲೆ ಬರ್ತೀನಿ ಅಂತ ಹೊರಟ, ಸೋತು ಅವರೇ ಫೋನ್ ಮಾಡುತ್ತಾರೆ ಅಂತ ಕಾದ. ಅಂಗಡಿ ಬಿಟ್ಟುಕೊಡುವ ದಿನ ಬಂತು. ಬಿಲ್ಡಿಂಗ್ ಮಾಲೀಕರು ಕಾಯಲಿಲ್ಲ. ಗೇಮ್ ಅಂಗಡಿ ಯಜಮಾನರು ತಾನೇ ಏನು ಮಾಡಿಯಾರು, ಗುಜರಿಯವನು ತಳ್ಳುಗಾಡಿ ತಂದಿದ್ದ, ಹತ್ತಿಸಿಬಿಟ್ಟರು. ಚೌಕಾಸಿ ಮಾಡಿದ ಐನೂರಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿರಬೇಕು, ಅಷ್ಟೇ. ಆ ಹುಡುಗ ಇವತ್ತಿಗೂ ನನ್ನ ಅಂಗಡಿಗೆ ಬರುತ್ತಾನೆ. ಅವನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಹಳೇ ಸಾಮಾನು ಇಟ್ಟುಕೊಂಡವರಿಗೂ ತಗೊಳ್ಳುವವರಿಗೂ ನಡುವೆ ಇರುವುದು ಒಂದು ವಾರ, ಹತ್ತು ದಿನ. ಆ ದಿನಗಳಲ್ಲಿ ನಡೆಯುವ ಚೌಕಾಸಿಯಲ್ಲಿ ಸಾಮಾನೇ ಹೋಗಿಬಿಡುತ್ತದೆ.

ನಮ್ಮೂರಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇದ್ದ ಊರು ಇದು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು, ಅದರ ಆಸುಪಾಸಿನಲ್ಲಿ ಜನತಾ, ಪೈಲಟ್ ವಾಚಿಗೆ ಜನ ಹೇಗೆ ಮುಗಿಬಿದ್ದರು ಅಂತ ನೆನಪಿದೆ ಅಲ್ವಾ? ಮೊದಲೇ ತಗೊಂಡಿಡಬೇಕಿತ್ತು ಅಂದವರು ಎಷ್ಟು ಜನ. ಆದರೆ ವಾಚು ಅಂಗೈಯಷ್ಟು ಇಲ್ಲದ ವಸ್ತು. ನಿಂತುಹೋದರೂ ಬೀರುವಿನ ಮೂಲೆಯಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಉಳಿದುಕೊಂಡಿತು, ಇವತ್ತು ತೆಗೆದು ಕೀ ಕೊಟ್ಟರೆ ಓಡುತ್ತದೆ. ಗೇಮ್ ಮಿಷನ್ ಬೀರುವಿನಷ್ಟೇ ದೊಡ್ಡದು. ಎತ್ತಲು ಮೂರು ಜನ ಬೇಕು. ಅದು ತಾನಾಗಿ ಎಲ್ಲೂ ಉಳಿಯುವುದಿಲ್ಲ, ಯಾರಾದರೂ ಬೇಕು ಅಂತ ಜಾಗ ಮಾಡಿಕೊಟ್ಟರೆ ಮಾತ್ರ ಉಳಿಯುತ್ತದೆ.

ಹೊರದೇಶದಲ್ಲೂ ಹೀಗೇ ಆಯಿತು. ಅಮೆರಿಕದಲ್ಲಿ 1972ರಲ್ಲಿ ಅಟಾರಿ ಕಂಪನಿಯವರು ಪಾಂಗ್ ಅನ್ನುವ ಗೇಮ್ ಮಾಡಿ ಒಂದು ಬಾರಿನಲ್ಲಿಟ್ಟರು. ಮಿಷನ್ ಕೆಟ್ಟಿದೆ ಅಂತ ಕರೆ ಬಂತು. ಅದನ್ನು ಮಾಡಿದ ಎಂಜಿನಿಯರ್ ಅಲ್ ಆಲ್ಕಾರ್ನ್ ಅವರೇ ಹೋಗಿ ನೋಡಿದರೆ ಕಾಯಿನ್ ಡಬ್ಬ ತುಂಬಿ ಉಕ್ಕಿ ಜಾಮ್ ಆಗಿತ್ತು. ಜಾತ್ರೆ ಸಮಯದಲ್ಲಿ ನಮ್ಮಲ್ಲೂ ಇಂಥದ್ದೇ ಕಂಪ್ಲೇಂಟ್ ಬರುತ್ತಿತ್ತು. ಜಪಾನಿನಿಂದ 1978ರಲ್ಲಿ ಸ್ಪೇಸ್ ಇನ್ವೇಡರ್ಸ್, 1980ರಲ್ಲಿ ಪ್ಯಾಕ್ ಮ್ಯಾನ್ ಬಂದವು, ಊರಿಗೊಂದು ಗೇಮ್ ಅಂಗಡಿ ಎದ್ದಿತು. ಹಾಗೆ ಎದ್ದದ್ದು ಮೂರ್ನಾಲ್ಕು ವರ್ಷದಲ್ಲಿ ಬಿದ್ದಿತು. ಆಗ ಮಾಲೀಕರು ಏನು ಮಾಡಿದರು? ಹಳೇ ಪೆಟ್ಟಿಗೆಯ ಮೇಲೆ ಬಣ್ಣ ಬಳಿದು, ಒಳಗಿನ ಬೋರ್ಡು ಕಿತ್ತು ಹೊಸ ಗೇಮ್ ಹಾಕಿದರು. ಅದೂ ಓಡದೇ ಹೋದಾಗ ಸಿಕ್ಕ ಬೆಲೆಗೆ ಮಾರಿದರು, ಮಾರದೇ ಉಳಿದದ್ದನ್ನು ಒಡೆದರು. ಅಲ್ಲಿನ ಸಂಗ್ರಹಕಾರರು ಇವತ್ತಿಗೂ ಕೊರಗುವುದು ಇದಕ್ಕೇ. ಆದರೆ ಅಲ್ಲಿ ರೋಚೆಸ್ಟರ್ ಊರಿನ ಸ್ಟ್ರಾಂಗ್ ಮ್ಯೂಸಿಯಂನಂಥ ಕಡೆ ಈ ಮಿಷನ್‌ಗಳನ್ನು ಜೋಪಾನ ಮಾಡಿ ಇಟ್ಟಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಒಂದೇ ಒಂದು ಮಿಷನ್ ಜನ ನೋಡುವ ಹಾಗೆ ಇಟ್ಟಿರುವುದನ್ನು ನಾನು ನೋಡಿಲ್ಲ.

ಕೆಲವರು ಕೇಳುತ್ತಾರೆ, ಅದೇ ಗೇಮು ಮೊಬೈಲ್‌ನಲ್ಲೇ ಸಿಗುತ್ತಲ್ಲ, ಆ ಪೆಟ್ಟಿಗೆ ಯಾಕೆ ಅಂತ. ಸಿಗುತ್ತದೆ, ನಿಜ. ಹಳೇ ಮಿಷನ್ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಅಂತ ಒಂದು ಸಾಫ್ಟ್‌ವೇರ್ 1997ರಿಂದ ಇದೆ, ಅದನ್ನು ಕಟ್ಟಿದವರು ದೊಡ್ಡ ಕೆಲಸ ಮಾಡಿದ್ದಾರೆ, ಅವರಿಗೆ ಕೈ ಮುಗಿಯಬೇಕು. ಆದರೆ ಪ್ರೋಗ್ರಾಮ್ ಉಳಿದ ಮಾತ್ರಕ್ಕೆ ಮಿಷನ್ ಉಳಿಯಲಿಲ್ಲ. ಗನ್ ಹಿಡಿದು ಹೊಡೆಯುವ ಗೇಮ್ ಇತ್ತಲ್ಲ, ಆ ಕಾಲದ ಬಹಳ ಗನ್‌ಗಳು ಟ್ಯೂಬಿನ ಮೇಲೆ ಗೆರೆಗೆರೆಯಾಗಿ ಓಡುವ ಬೆಳಕು ಯಾವ ಕ್ಷಣ ಗನ್ನಿನೊಳಗಿನ ಸೆನ್ಸರಿಗೆ ಬಿತ್ತು ಅಂತ ನೋಡಿ ಗುರಿ ಲೆಕ್ಕ ಹಾಕುತ್ತಿದ್ದವು. ಟ್ಯೂಬ್ ತೆಗೆದು ಎಲ್‌ಸಿಡಿ ಹಾಕಿದರೆ ಅಂಥ ಗನ್ ಕುರುಡು. ಇನ್ನು ಟ್ಯೂಬ್ ಹೊಸದು ತರೋಣ ಅಂದರೆ ಎಲ್ಲಿದೆ? ನಮ್ಮ ದೇಶದಲ್ಲೇ ಸ್ಯಾಮ್‌ಟೆಲ್‌ನಂಥ ಕಂಪನಿ ಕಲರ್ ಟ್ಯೂಬ್ ಮಾಡುತ್ತಿತ್ತು, ಆ ಕಾಲ ಮುಗಿದುಹೋಯಿತು. ಈಗ ಹಳೇ ಟೀವಿಯಿಂದ ಬಿಚ್ಚಿ ಹಾಕಬೇಕು. ಅದಾದರೂ ಆಗುತ್ತದೆ, ಈ ಮಿಷನ್‌ಗಳಲ್ಲಿ ಬಹುಪಾಲು ಟೀವಿಯ ಲೈನ್ ಫ್ರೀಕ್ವೆನ್ಸಿಗೆ, ಅಂದರೆ ಪರದೆ ಮೇಲೆ ಗೆರೆ ಎಳೆಯುವ ವೇಗಕ್ಕೆ ಹತ್ತಿರದಲ್ಲೇ, 15 ಕಿಲೋಹರ್ಟ್ಸ್ ಸುಮಾರಿನಲ್ಲೇ ಓಡುತ್ತವೆ. ಅದಕ್ಕೇ ನಮ್ಮಂಥ ಟೀವಿ ಮೆಕ್ಯಾನಿಕ್‌ಗಳಿಗೆ ಅವು ಬಗ್ಗಿದ್ದು. ಆ ಟ್ಯೂಬ್ ಟೀವಿಗಳನ್ನೂ ಜನ ಈಗ ಗುಜರಿಗೆ ಹಾಕಿ ಮುಗಿಸುತ್ತಿದ್ದಾರೆ.

ಬೋರ್ಡಿನ ವಿಷಯ ಇನ್ನೂ ಸೂಕ್ಷ್ಮ. 1985ರಿಂದ ಈಚೆಗೆ ಜಾಮಾ ಅಂತ ಒಂದು ಕನೆಕ್ಟರ್ ಬಂತು, 56 ಪಿನ್ನಿನದು. ಬೋರ್ಡು ಎಳೆದು ಇನ್ನೊಂದು ಸಿಕ್ಕಿಸಿದರೆ ಸಾಕು, ಸ್ಟ್ರೀಟ್ ಫೈಟರ್ ಇದ್ದ ಪೆಟ್ಟಿಗೆಯಲ್ಲಿ ಮುಸ್ತಾಫಾ ಬರುತ್ತಿತ್ತು. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್‌ನವರ 1993ರ ಗೇಮು. ಆದರೆ ನಮ್ಮ ಹುಡುಗರಿಗೆ ಅದು ಮುಸ್ತಾಫಾನೇ, ಹಳದಿ ಟೋಪಿಯವನು. ಹೀಗೆ ಬದಲಾಯಿಸಿ ತೆಗೆದಿಟ್ಟ ಹಳೇ ಬೋರ್ಡುಗಳು ಅಟ್ಟದ ಮೇಲೆ ಎಷ್ಟೋ ಕಡೆ ಇನ್ನೂ ಬಿದ್ದಿವೆ. ಬಿದ್ದಿದ್ದರೆ ಸಾಕು ಅಂದುಕೊಳ್ಳಬೇಡಿ. ನಿಯೋ ಜಿಯೋ ಬೋರ್ಡಿನ ಮೇಲೆ ಬೆರಳಿನ ತುದಿಯಷ್ಟು ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ಅದು ಸೋರಿದರೆ ಹಸಿರು ಕಿಲುಬು ಹಿಡಿದು ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ನನ್ನ ಟೇಬಲ್ ಮೇಲೆ ಬಂದ ಒಂದು ಬೋರ್ಡಿನಲ್ಲಿ ಗೆರೆಗಳು ಎಷ್ಟು ಕರಗಿದ್ದವು ಅಂದರೆ, ತಂತಿ ಎಳೆಯಲು ಯಾವುದಕ್ಕೆ ಯಾವುದು ಅಂತ ಲೆನ್ಸ್ ಹಿಡಿದು ಹುಡುಕಬೇಕಾಯಿತು. ಕ್ಯಾಪ್‌ಕಾಮ್‌ನ ಇನ್ನೊಂದು ಬೋರ್ಡು, ಸಿಪಿಎಸ್ 2, ಇನ್ನೂ ವಿಚಿತ್ರ. ಕಳ್ಳ ಕಾಪಿ ಮಾಡಬಾರದು ಅಂತ ಅದರ ಗೇಮನ್ನು ಗುಪ್ತ ಮಾಡಿ ಇಟ್ಟಿದ್ದರು, ಅದನ್ನು ಬಿಡಿಸುವ ಕೀಲಿ ಬ್ಯಾಟರಿಯ ಬಲದಿಂದಲೇ ಮೆಮೊರಿಯಲ್ಲಿ ನಿಂತಿರುತ್ತದೆ. ಬ್ಯಾಟರಿ ಸತ್ತ ದಿನ ಕೀಲಿಯೂ ಅಳಿಸಿಹೋಯಿತು, ಬೋರ್ಡು ಸತ್ತಿತು. ವರ್ಷಗಟ್ಟಲೆ ಅಂಥವನ್ನು ಕೆಟ್ಟಿದೆ ಅಂತ ಎಸೆದಿದ್ದಾರೆ. 2016ರಲ್ಲಿ ಹವ್ಯಾಸಿಗಳೇ ತಲೆ ಕೆಡಿಸಿಕೊಂಡು ಆ ಕೀಲಿಯನ್ನು ಮತ್ತೆ ತುಂಬುವ ದಾರಿ ಕಂಡುಹಿಡಿದರು. ಅಂದರೆ ಇಪ್ಪತ್ತು ವರ್ಷದ ಹಿಂದೆ ಇದು ಆಗಲ್ಲ ಅಂತ ನಮ್ಮ ಕೈಯಿಂದ ವಾಪಸ್ ಹೋದ ಬೋರ್ಡು ಇವತ್ತು ಓಡಬಹುದು, ಅದು ಎಲ್ಲಾದರೂ ಉಳಿದಿದ್ದರೆ.

ಸಂಗ್ರಹ ಮಾಡುವವರಿಗೂ ಒಂದು ಮಾತು ಹೇಳಲೇಬೇಕು. ಈಗ ಒಂದು ಚಾಳಿ ಬಂದಿದೆ. ಹಳೇ ಪೆಟ್ಟಿಗೆ ಸಿಕ್ಕಿದ ಕೂಡಲೇ ಒಳಗಿನದೆಲ್ಲ ಕಿತ್ತು ಬಿಸಾಕಿ, ಒಂದು ಎಲ್‌ಸಿಡಿ, ಸಾವಿರ ಗೇಮ್ ಇರುವ ಒಂದು ಚೀನಾ ಬೋರ್ಡು ಹಾಕಿ, ಬಣ್ಣದ ಲೈಟ್ ಬಿಡುತ್ತಾರೆ. ಹೋಟೆಲಿಗೆ, ಆಫೀಸಿಗೆ ಚೆಂದ ಕಾಣುತ್ತದೆ. ಅದು ಬೇಕಿದ್ದರೆ ಹೊಸ ಪ್ಲೈವುಡ್‌ನಲ್ಲಿ ಮಾಡಿಸಿಕೊಳ್ಳಿ, ಬಡಗಿ ಒಂದು ವಾರದಲ್ಲಿ ಮಾಡಿಕೊಡುತ್ತಾನೆ. ಉಳಿದಿರುವ ನಾಲ್ಕು ಹಳೇ ಪೆಟ್ಟಿಗೆಗೆ ಯಾಕೆ ಕೈ ಹಾಕುತ್ತೀರಿ? ಗುಜರಿಯವನು ತಾಮ್ರಕ್ಕೆ ಒಡೆದ, ನೀವು ಚೆಂದಕ್ಕೆ ಒಡೆದಿರಿ, ಮಿಷನ್‌ಗೆ ಎರಡೂ ಒಂದೇ. ಇಡಲು ಜಾಗ ಇಲ್ಲದಿದ್ದರೆ, ದುಡ್ಡು ಹೊಂದದಿದ್ದರೆ, ಸುಮ್ನೆ ಬಾಯಿ ಮುಚ್ಚಿಕೊಂಡು ಬರಬೇಡಿ. ಇಂಥಾ ಕಡೆ ಇಂಥಾದ್ದು ಇದೆ ಅಂತ ಇನ್ನೊಬ್ಬರಿಗೆ ಅವತ್ತೇ ಹೇಳಿ. ತನಗೆ ಸಿಗದಿದ್ದರೆ ಬೇರೆಯವರಿಗೂ ಬೇಡ ಅನ್ನುವ ಹಟ ಈ ಸಂಗ್ರಹದವರಲ್ಲಿ ಬಹಳ ಇದೆ, ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ, ಪಾಲಿಟೆಕ್ನಿಕ್, ಐಟಿಐಗಳಿಗೆ ಬರ ಇಲ್ಲ. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಒಂದು ಮೂಲೆ ಬಿಟ್ಟರೆ ಎರಡು ಮಿಷನ್ ಹಿಡಿಯುತ್ತವೆ. ಪವರ್ ಸಪ್ಲೈ, ಆಂಪ್ಲಿಫೈಯರ್, ಟ್ಯೂಬ್, ಮೆಮೊರಿ, ಸ್ವಿಚ್ಚು ಎಲ್ಲ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುವ ಹಾಗೆ ಇರುವ ಇಂಥ ಮಿಷನ್ ಮಕ್ಕಳಿಗೆ ಇನ್ನೆಲ್ಲಿ ಸಿಗುತ್ತದೆ? ಕೆಟ್ಟಿದ್ದರೂ ಪರವಾಗಿಲ್ಲ, ಕೆಟ್ಟಿದ್ದರೆ ಇನ್ನೂ ಒಳ್ಳೆಯದು. ನಮ್ಮಂಥ ಹಳೇ ಮೆಕ್ಯಾನಿಕ್‌ಗಳನ್ನು ಕರೆದರೆ ಬರುತ್ತೇವೆ, ಸಂಬಳ ಕೇಳುವುದಿಲ್ಲ. ಎಲ್‌ಒಟಿ, ಅಂದರೆ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್, ಬದಲಾಯಿಸುವುದು, ಡ್ರೈ ಸೋಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ, ಹುಡುಕುವುದು ಗೊತ್ತಿರುವವರು ಊರಿನಲ್ಲಿ ಇನ್ನೂ ಕೆಲವರು ಇದ್ದೇವೆ, ಎಲ್ಲರಿಗೂ ವಯಸ್ಸಾಗುತ್ತಿದೆ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುತ್ತದೆ, ಅಲ್ಲಿ ಒಂದು ಮಳಿಗೆಯಲ್ಲಿ ಓಡುವ ಮಿಷನ್ ಇಟ್ಟರೆ ಎಷ್ಟು ಜನ ನಿಲ್ಲುತ್ತಾರೆ ನೋಡಿ.

ಕೊನೆಯದಾಗಿ, ಮನೆಯಲ್ಲೋ ಗೋಡೌನಿನಲ್ಲೋ ಮಿಷನ್ ಇಟ್ಟುಕೊಂಡವರಿಗೆ. ಎಷ್ಟೋ ವರ್ಷದಿಂದ ಆಫ್ ಇದ್ದದ್ದನ್ನು ಓಡುತ್ತಾ ನೋಡೋಣ ಅಂತ ದಯವಿಟ್ಟು ಪ್ಲಗ್ ಹಾಕಬೇಡಿ, ಒಣಗಿದ ಕಂಡೆನ್ಸರ್ ಸಿಡಿದು ಚೆನ್ನಾಗಿದ್ದದ್ದೂ ಹೋಗುತ್ತದೆ. ಹಿಂದಿನ ಬಾಗಿಲು ತೆಗೆದು ಟ್ಯೂಬಿಗೆ ಕೈ ಹಾಕಬೇಡಿ, ಕಲರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟ್‌ಗೂ ಮೇಲೆ ಓಡುತ್ತದೆ, ಆಫ್ ಮಾಡಿದ ಮೇಲೂ ಚಾರ್ಜ್ ನಿಂತಿರುತ್ತದೆ. ಗೊತ್ತಿರುವವರನ್ನು ಕರೆದು ಬೋರ್ಡಿನ ಬ್ಯಾಟರಿ ನೋಡಿಸಿ. ಸಿಪಿಎಸ್ 2 ಆದರೆ ಸುಮ್ನೆ ಕೀಳಿಸಬೇಡಿ, ಬಾಕಿ ಕಡೆ ಸೋರುತ್ತಿದ್ದರೆ ಅವತ್ತೇ ತೆಗೆಸಿ. ಬೋರ್ಡಿನ ಕೆಲವು ಐಸಿ ಚಿಪ್‌ಗಳ ಮೇಲೆ ಚಿಕ್ಕ ಚಿಕ್ಕ ಸ್ಟಿಕ್ಕರ್ ಅಂಟಿಸಿರುತ್ತಾರೆ, ಕೊಳಕಾಗಿದೆ ಅಂತ ಕೀಳಬೇಡಿ. ಅದರ ಕೆಳಗೆ ಗಾಜಿನ ಕಿಟಕಿ ಇರುತ್ತದೆ, ಬಿಸಿಲು ಬಿದ್ದರೆ ಒಳಗಿನ ಗೇಮ್ ಅಳಿಸಿಹೋಗಬಹುದು. ಪೆಟ್ಟಿಗೆಯ ಕೆಳಗೆ ಎರಡು ಇಟ್ಟಿಗೆ ಕೊಡಿ, ಗೆದ್ದಲು ಬೇಗ ಹತ್ತುವುದಿಲ್ಲ. ಕೊಡುವ ಮನಸ್ಸಾದರೆ ಗುಜರಿಯವನಿಗೆ ಹೇಳುವ ಮೊದಲು ಊರಿನ ಯಾವುದಾದರೂ ಹಳೇ ಟೀವಿ ರಿಪೇರಿ ಅಂಗಡಿಯಲ್ಲಿ ಒಂದು ಮಾತು ಹೇಳಿ, ಬೇಕಾದವರು ಯಾರು ಅಂತ ನಮಗೆ ಗೊತ್ತಿರುತ್ತದೆ. ಕಾಯಿನ್ ಡಬ್ಬದ ಬೀಗದ ಕೈ ಇದ್ದರೆ ಅದನ್ನು ಮಿಷನ್ ಜೊತೆಯಲ್ಲೇ ಕಟ್ಟಿಕೊಡಿ.

ಇಂತಿ,
ಒಬ್ಬ ಟೀವಿ ಮೆಕ್ಯಾನಿಕ್
ತುಮಕೂರು