ಹಳಿ ಇದೆ, ಸ್ಟೇಷನ್ ಇದೆ, ಹೊತ್ತಿಗೆ ಸರಿಯಾಗಿ ಗಾಡಿ ಬೇಕು

ಸಂಪಾದಕರಿಗೆ ನಮಸ್ಕಾರ.

ನಾನು ತಿಪಟೂರಿನವಳು. 31 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಮಗಳು, ಅಳಿಯ ದೆಹಲಿಯಲ್ಲಿದ್ದಾರೆ. ಮೊಮ್ಮಗಳು ಹುಟ್ಟಿದ ಮೇಲೆ ವರ್ಷಕ್ಕೆ ಒಂದೆರಡು ಸಲ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ದಾರಿ ಹಿಡಿಯುವುದು ತಪ್ಪಿದ್ದಲ್ಲ. ವಿಮಾನ ಹತ್ತಿದರೆ ಮೂರು ಗಂಟೆಯೊಳಗೆ ದೆಹಲಿ. ಆ ವಿಮಾನದ ಬಾಗಿಲು ಮುಟ್ಟುವುದೇ ಕಷ್ಟ. ಕಾರು, ಕ್ಯಾಬು, ರೈಲು ಮೂರರಲ್ಲೂ ಹೋಗಿ ನೋಡಿದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಮೊದಲ ಸಲ ಹೋಗಿದ್ದು ಮಗಳ ಬಾಣಂತನಕ್ಕೆ. ಬೆಳಗಿನ ಜಾವದ ಟಿಕೆಟ್ ಅಗ್ಗ ಅಂತ ಅಳಿಯ 6 ಗಂಟೆಯ ವಿಮಾನಕ್ಕೆ ಬುಕ್ ಮಾಡಿದ್ದರು. ನಾಲ್ಕೂವರೆಗೆಲ್ಲ ಅಲ್ಲಿರಬೇಕು ಅಂದರೆ ನಾವು ರಾತ್ರಿ ಒಂದು ಗಂಟೆಗೇ ಮನೆ ಬಿಡಬೇಕು. ನಮ್ಮ ಬೀದಿಯ ಹುಡುಗನೊಬ್ಬ ಬಾಡಿಗೆಗೆ ಕಾರು ಓಡಿಸುತ್ತಾನೆ, ನನ್ನ ಹಳೆಯ ವಿದ್ಯಾರ್ಥಿ. 'ಮಿಸ್, ನಿಮ್ಗೆ ಅಂತ ಕಮ್ಮಿ ಮಾಡಿದೀನಿ' ಅಂತ 4,500 ರೂಪಾಯಿ ತೆಗೆದುಕೊಂಡ. ಅವನದ್ದೇನೂ ತಪ್ಪಿಲ್ಲ. ಹೋಗಿ ಬರುವ ಡೀಸೆಲ್, ಟೋಲ್, ನಿದ್ದೆಗೆಟ್ಟ ರಾತ್ರಿ ಎಲ್ಲ ಸೇರಿ ಅಷ್ಟಾಗುತ್ತದೆ. ಆದರೆ ಅಳಿಯ ಕೊಂಡ ಅಗ್ಗದ ಟಿಕೆಟ್ 4,100 ರೂಪಾಯಿ. ಉಳಿಸಿದ ದುಡ್ಡು ಎಲ್ಲಿ ಹೋಯಿತು ಹೇಳಿ?

ಆ ದಿನದ ಇನ್ನೊಂದು ಪೇಚು ಹೇಳಿಬಿಡುತ್ತೇನೆ, ನಮ್ಮ ಕಡೆಯವರಿಗಾದರೂ ಉಪಯೋಗವಾಗಲಿ. ತಿಪಟೂರಿನಿಂದ ಹೊರಟವರು ಕೊಬ್ಬರಿ ಇಲ್ಲದೆ ಹೋಗುವುದುಂಟಾ? ಬಾಣಂತಿಗೆ ಅಂತ ಆರಿಸಿ ಆರಿಸಿ ಐದು ಕೆಜಿ ಉಂಡೆ ಕೊಬ್ಬರಿ ತುಂಬಿಕೊಂಡಿದ್ದೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಹೊತ್ತಿಕೊಳ್ಳುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ನನಗೆ ಅದು ಗೊತ್ತಾಗಿದ್ದು ಬ್ಯಾಗ್ ತೂಕಕ್ಕೆ ಇಟ್ಟ ಮೇಲೆ. ನಮ್ಮ ಯಜಮಾನರು ಓಡಿಹೋಗಿ, ಚಹಾ ಕುಡಿಯುತ್ತಾ ನಿಂತಿದ್ದ ಕಾರಿನ ಹುಡುಗನ ಕೈಗೆ ಚೀಲ ಕೊಟ್ಟು ಬಂದರು. ಆ ಹುಡುಗನ ಮನೆಯಲ್ಲಿ ಆ ವರ್ಷ ಗೌರಿ ಹಬ್ಬಕ್ಕೆ ಕೊಬ್ಬರಿ ಮಿಠಾಯಿ ಚೆನ್ನಾಗಿತ್ತಂತೆ.

ಎರಡನೇ ಸಲ ಬುದ್ಧಿ ಉಪಯೋಗಿಸಿದೆವು. ಮಧ್ಯಾಹ್ನದ ವಿಮಾನ. ಬೆಳಿಗ್ಗೆ ತಿಪಟೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಕ್ಯಾಬ್. ರೈಲು ಹೇಳಿದ ಹೊತ್ತಿಗೆ ಬಂತು, ಸಂತೋಷ. ಫೋನಿನಲ್ಲಿ ಕ್ಯಾಬ್ ಒತ್ತಿದೆವು. ಡ್ರೈವರ್ ಫೋನ್ ಮಾಡಿ 'ಕ್ಯಾಶಾ, ಆನ್‌ಲೈನಾ?' ಅಂದರು. ಆನ್‌ಲೈನ್ ಅಂದೆ. ಕ್ಯಾನ್ಸಲ್. ಇನ್ನೊಬ್ಬರು ಬರುತ್ತೇನೆ ಅಂದರು, ಪರದೆಯ ಮೇಲಿನ ಪುಟ್ಟ ಕಾರು ಇಪ್ಪತ್ತು ನಿಮಿಷ ನಿಂತಲ್ಲೇ ನಿಂತಿತ್ತು. ಮೂರನೆಯವರು ಬಂದರು, ಪಾಪ ಒಳ್ಳೆಯವರು. ಆದರೆ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ ಯಾರಪ್ಪನ ಮಾತನ್ನೂ ಕೇಳುವುದಿಲ್ಲ, ಅಲ್ವಾ? ಬ್ಯಾಗ್ ತೆಗೆದುಕೊಳ್ಳುವ ಕೌಂಟರ್ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ನಾವು ಅಲ್ಲಿ ನಿಂತಾಗ ಉಳಿದಿದ್ದದ್ದು ಆರು ನಿಮಿಷ. ಯಜಮಾನರ ಬಿಪಿ ಎಷ್ಟಿತ್ತೋ ದೇವರಿಗೇ ಗೊತ್ತು.

ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ಸು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಚೆನ್ನಾಗಿದೆ, ರಾತ್ರಿಯೂ ಓಡುತ್ತದೆ. ಲಗೇಜಿಗೆ ಜಾಗ ಇದೆ, ಚೌಕಾಸಿ ಇಲ್ಲ. ಒಂಟಿ ಹೆಂಗಸರಿಗೆ ನಾನು ಮೊದಲು ಹೇಳುವುದು ಅದನ್ನೇ. ಆದರೆ ಅದೂ ಅದೇ ಹೆಬ್ಬಾಳ ದಾಟಬೇಕು.

ಮೂರನೇ ಸಲ, ಹೋದ ವರ್ಷ, ರೈಲಿನಲ್ಲೇ ಹೋಗಿಬಿಡೋಣ ಅಂತ ಹಟ ಮಾಡಿದವಳು ನಾನೇ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ರೈಲು ಹಳಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾದು ಹೋಗುತ್ತದೆ. ಹಳಿ ಇಂದು ನಿನ್ನೆಯದಲ್ಲ. ಎಚ್‌ಎಎಲ್‌ನ ಹಳೆಯ ವಿಮಾನ ನಿಲ್ದಾಣದಿಂದ ವಿಮಾನಗಳು ದೇವನಹಳ್ಳಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಈ ಹಳಿಯ ಮೇಲೆ ವಿಮಾನ ಪ್ರಯಾಣಿಕರಿಗೆ ಅಂತ ಒಂದು ಹಾಲ್ಟ್ ಸ್ಟೇಷನ್ ಆಗಿ ಗಾಡಿ ನಿಂತದ್ದು 2021ರ ಜನವರಿಯಲ್ಲಿ. ಮಧ್ಯೆ ಹನ್ನೆರಡು ವರ್ಷ ಗಾಡಿಗಳು ಶಿಳ್ಳೆ ಹಾಕಿಕೊಂಡು ಸುಮ್ನೆ ಹಾದುಹೋದವು.

ಯಲಹಂಕದಲ್ಲಿ ಟಿಕೆಟ್ 10 ರೂಪಾಯಿ. ತಪ್ಪು ಕೇಳಿಸಿತೇನೋ ಅಂತ ಇನ್ನೊಂದು ಸಲ ಕೇಳಿದೆ. ಹತ್ತೇ ರೂಪಾಯಿ. ಬೋಗಿಯಲ್ಲಿ ಚಿಕ್ಕಬಳ್ಳಾಪುರದ ಕಡೆಯ ಹೆಂಗಸರು ಖಾಲಿ ಹೂವಿನ ಬುಟ್ಟಿ ಒಂದರೊಳಗೊಂದು ಇಟ್ಟುಕೊಂಡು, ಅದಕ್ಕೇ ಒರಗಿ ತೂಕಡಿಸುತ್ತಿದ್ದರು. ಬೆಟ್ಟಹಲಸೂರು ಆಯಿತು, ದೊಡ್ಡಜಾಲ ಆಯಿತು. ನನ್ನ ಚಕ್ರದ ಸೂಟ್‌ಕೇಸ್ ನೋಡಿ ಒಬ್ಬಾಕೆ 'ಏರ್‌ಪೋರ್ಟಾ ಅಕ್ಕ? ಮುಂದಿಂದೇ, ಬಾಗ್ಲತ್ರ ಬನ್ನಿ' ಅಂದಳು. ಸೂಟ್‌ಕೇಸ್ ಇಳಿಸಿಕೊಟ್ಟವಳೂ ಅವಳೇ. ಚಿಕ್ಕ, ಚೊಕ್ಕ ಸ್ಟೇಷನ್. ಇಳಿದವರು ನಾವಿಬ್ಬರು, ಸಮವಸ್ತ್ರದ ಒಬ್ಬ ಹುಡುಗಿ, ಅಷ್ಟೇ. ಗಾಡಿ ಮುಂದಕ್ಕೆ ಹೋದ ಮೇಲೆ ತಲೆಯ ಮೇಲೇ ವಿಮಾನವೊಂದು ಗುಡುಗುತ್ತಾ ಏರಿತು. ಅಲ್ಲಿಂದ ಟರ್ಮಿನಲ್‌ಗೆ ಇನ್ನೂ ಕೆಲವು ಕಿಲೋಮೀಟರ್ ವಾಹನದಲ್ಲೇ ಹೋಗಬೇಕು. ಆದರೂ ಹೆಬ್ಬಾಳ ಇಲ್ಲ, ಟೋಲ್ ಇಲ್ಲ, 'ಕ್ಯಾಶಾ ಆನ್‌ಲೈನಾ' ಇಲ್ಲ.

ಆ ಹುಡುಗಿ ಟರ್ಮಿನಲ್‌ನಲ್ಲಿ ಸ್ವಚ್ಛತೆಯ ಕೆಲಸ ಮಾಡುವವಳು. ಜೊತೆಗೆ ಹೋಗುತ್ತಾ ಮಾತಾಡಿದಳು. 'ಬರೋಕೆ ಈ ಗಾಡಿ ಸರಿಹೋಗುತ್ತೆ ಆಂಟಿ. ವಾಪಸ್ ಹೋಗೋಕೆ ನನ್ನ ಶಿಫ್ಟ್ ಮುಗಿಯೋ ಹೊತ್ತಿಗೆ ಗಾಡಿ ಇಲ್ಲ. ಯಾರದ್ದಾದ್ರೂ ಗಾಡಿಗೆ ಕೈ ಅಡ್ಡ ಹಾಕ್ಬೇಕು, ಇಲ್ಲಾ ಕಾಯ್ಬೇಕು.' ನಾನು ಅಲ್ಲಿಯವರೆಗೂ ನನ್ನ ಸೂಟ್‌ಕೇಸಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ವಿಮಾನ ಹತ್ತುವವಳು ನಾನು ವರ್ಷಕ್ಕೆರಡು ಸಲ. ನೆಲ ಒರೆಸುವವರು, ಬ್ಯಾಗ್ ಎತ್ತುವವರು, ಕೌಂಟರ್‌ನವರು, ಕಾವಲಿನವರು ದಿನಾ ಹೋಗಿ ಬರುವವರು. ಹಗಲು ರಾತ್ರಿ ಪಾಳಿ. ಖಾಲಿ ಗಾಡಿ ಯಾಕೆ ಓಡಿಸಬೇಕು ಅನ್ನುವವರು ಇವರನ್ನು ಎಣಿಸಿದ್ದಾರಾ? ಪಾಳಿ ಬದಲಾಗುವ ಹೊತ್ತು ನೋಡಿ ಗಾಡಿ ಬಿಟ್ಟರೆ ಅದರ ಬೆನ್ನಿಗೆ ನಮ್ಮಂಥ ಪ್ರಯಾಣಿಕರೂ ಬರುತ್ತೇವೆ.

ಮೆಟ್ರೊ ಬರುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರ, ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣದವರೆಗೆ ಸುಮಾರು 58 ಕಿ.ಮೀ. ನೀಲಿ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2021ರಲ್ಲಿ. ಉಪನಗರ ರೈಲಿಗೆ ಅಡಿಗಲ್ಲು ಬಿದ್ದದ್ದು 2022ರಲ್ಲಿ, ಅದರಲ್ಲೂ ದೇವನಹಳ್ಳಿಗೆ ಒಂದು ಮಾರ್ಗ ಇದೆ, ಸಂಪಿಗೆ ಅಂತ ಹೆಸರು. ಬರಲಿ, ಬೇಡ ಅನ್ನುವವರು ಯಾರು? ನಾನು ಕೇಳುತ್ತಿರುವುದು ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲದ ಕೆಲಸ. ಬೆಳಗಿನ ಜಾವ ನಾಲ್ಕರ ಒಳಗೆ ಹಾಲ್ಟ್ ಮುಟ್ಟುವ ಒಂದು ಗಾಡಿ, ರಾತ್ರಿ ಹನ್ನೊಂದರ ಮೇಲೆ ಅಲ್ಲಿಂದ ಹೊರಡುವ ಒಂದು ಗಾಡಿ. ನಾನು ಹೋದಾಗ ಅದು ಒಂಟಿ ಹಳಿ. ಎದುರಿನಿಂದ ಗಾಡಿ ಬಂದರೆ ಒಂದು ಸ್ಟೇಷನ್ನಿನಲ್ಲಿ ಕಾಯಬೇಕು, ಬೇಕಾದಷ್ಟು ಗಾಡಿ ತುರುಕಲು ಆಗುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ. ಅದಕ್ಕೇ ಎರಡೇ ಗಾಡಿ ಕೇಳುತ್ತಿದ್ದೇನೆ. ಜೊತೆಗೆ ತಿಪಟೂರು, ಗುಬ್ಬಿ, ತುಮಕೂರಿನ ಕಡೆಯಿಂದ ಬರುವವರಿಗೆ ಯಶವಂತಪುರದ ಯಾವ ಪ್ಲಾಟ್‌ಫಾರಂನಿಂದ ಯಾವ ಗಾಡಿ ಅಂತ ಕನ್ನಡದಲ್ಲಿ ಒಂದು ದೊಡ್ಡ ಬೋರ್ಡು ಬರೆಸಿದರೆ ಇನ್ನೂ ಒಳ್ಳೆಯದು. ಮೂರನೇ ಸಲ ಹೋದಾಗ ಯಜಮಾನರು ಅಲ್ಲಿ ನಾಲ್ಕು ಜನರನ್ನು ಕೇಳಿದರು, ನಾಲ್ಕು ಉತ್ತರ ಸಿಕ್ಕಿತು.

ಬರುವ ಜನವರಿಗೆ ಮೊಮ್ಮಗಳ ಹುಟ್ಟುಹಬ್ಬ. ಅಳಿಯ ಮತ್ತೆ 6 ಗಂಟೆಯ ವಿಮಾನಕ್ಕೇ ಟಿಕೆಟ್ ಮಾಡಿದ್ದಾರೆ. ಕಾರಿನ ಹುಡುಗನಿಗೆ 500 ರೂಪಾಯಿ ಮುಂಗಡ ಕೊಟ್ಟಿದ್ದೇನೆ. ಅಷ್ಟರೊಳಗೆ ಆ ಹೊತ್ತಿಗೆ ಗಾಡಿ ಬಿಟ್ಟರೆ ಮುಂಗಡ ವಾಪಸ್ ಕೇಳುವುದಿಲ್ಲ ಅಂತ ಅವನಿಗೆ ಈಗಲೇ ಹೇಳಿದ್ದೇನೆ. ಅವನು ನಕ್ಕು, 'ಕೊಬ್ಬರಿ ಚೀಲ ಮಾತ್ರ ತರೋದು ಮರೀಬೇಡಿ ಮಿಸ್' ಅಂದ.

ಇಂತಿ,
ನಿವೃತ್ತ ಶಿಕ್ಷಕಿ,
ತಿಪಟೂರು