ಮಗಳಿಗೊಂದು ಪತ್ರ: ಹಾರ್ನ್ ನುಂಗಿದ ಅಕ್ಷರ

ಮಾಟುಂಗ, ಮುಂಬೈ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ನೀನು ಪುಣೆಯಿಂದ ಫೋನ್ ಮಾಡಿದಾಗ ನಾನು ದಾದರ್ ಸ್ಟೇಷನ್ನಿನಲ್ಲಿದ್ದೆ. “ಅಪ್ಪಾ, ಊಟ ಆಯ್ತಾ?” ಎಂದು ನೀನು ಕೇಳುವಾಗಲೇ ಫಾಸ್ಟ್ ಲೋಕಲ್ ಒಂದು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಆದರೂ ನನಗೆ ಇಡೀ ವಾಕ್ಯ ಕೇಳಿಸಿತು. ಹಾರ್ನ್ ಯಾವ ಅಕ್ಷರವನ್ನು ನುಂಗಿತೆಂದು ಈಗಲೂ ಹೇಳಲಾರೆ. ಅಷ್ಟು ಗದ್ದಲದಲ್ಲಿ ನಿನ್ನ ಮಾತು ಹೇಗೆ ಕೇಳಿಸಿತೆಂಬ ಪ್ರಶ್ನೆಗೆ ಅಲ್ಲಿ ನಿಂತು ಉತ್ತರಿಸಲಾಗಲಿಲ್ಲ, ಅದಕ್ಕೇ ಈ ಪತ್ರ.

ಗಾಳಿಯ ಕಂಪನವನ್ನು ನರದ ಸಂಕೇತವಾಗಿಸುವುದಷ್ಟೇ ಕಿವಿಯ ಕೆಲಸ. ಆ ಸಂಕೇತಗಳಲ್ಲಿ ನಿನ್ನ ದನಿ, ಹಾರ್ನು, ಚಹಾ ಮಾರುವವನ ಕೂಗು ಎಲ್ಲವೂ ಕಲಸಿಹೋಗಿರುತ್ತವೆ. ಅವನ್ನು ಬೇರ್ಪಡಿಸಿ, ಹರಿದದ್ದನ್ನು ಜೋಡಿಸಿ, ಇದು ಮಗಳ ಮಾತು ಎಂದು ತಿಳಿಸಿಕೊಡುವುದು ಮನಸ್ಸು. 1970ರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರೆನ್ ಧ್ವನಿಮುದ್ರಿಸಿಕೊಂಡ ವಾಕ್ಯವೊಂದರಿಂದ ಒಂದು ಧ್ವನಿಯನ್ನು ಕತ್ತರಿಸಿ, ಆ ಜಾಗದಲ್ಲಿ ಕೆಮ್ಮನ್ನು ಕೂರಿಸಿದರು. ಕೇಳಿದ 20 ಮಂದಿಯಲ್ಲಿ 19 ಮಂದಿ ವಾಕ್ಯದಲ್ಲಿ ಏನೂ ಬಿಟ್ಟುಹೋಗಿಲ್ಲ ಎಂದರು. ಕೆಮ್ಮು ಎಲ್ಲಿ ಬಂತೆಂಬುದನ್ನೂ ಸರಿಯಾಗಿ ಗುರುತಿಸಲಾರದೆ ಹೋದರು. ಅಲ್ಲಿ ಬರಿಯ ಮೌನವಿದ್ದರೆ ಮಾತ್ರ ಕೊರತೆ ತಟ್ಟನೆ ತಿಳಿಯುತ್ತದೆ. ನನಗೆ ಬಹಳ ಬೆರಗೆನಿಸಿದ್ದು ಇದೇ. ಗದ್ದಲದ ಹಿಂದೆ ಮಾತು ಇದ್ದಿರಬಹುದೆಂದು ತೋರಿದಾಗ ಮನಸ್ಸು ಅದನ್ನು ತುಂಬಿಕೊಡುತ್ತದೆ, ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುತ್ತದೆ.

ಹೀಗೆ ತುಂಬಬೇಕಾದರೆ ಭಾಷೆ ಒಳಗೆ ಇಳಿದಿರಬೇಕು. ನಮ್ಮ ಪಕ್ಕದ ಮನೆಯ ಹಿಂದಿ ಆಂಟಿಗೆ ನಾವು “ಹಳ್ಳಿ” ಎಂದು ಎಷ್ಟು ನಿಧಾನವಾಗಿ ಹೇಳಿದರೂ “ಹಲ್ಲಿ” ಎಂದೇ ಕೇಳಿಸುತ್ತಿದ್ದುದು ನಿನಗೆ ನೆನಪಿರಬೇಕು. ಎದುರುಮನೆಯ ಮರಾಠಿ ಕಾಕುಗೆ ಆ ತೊಡಕಿರಲಿಲ್ಲ, ಅವರ ಭಾಷೆಯಲ್ಲೂ ಳಕಾರವಿದೆ. ಹಿಂದಿಯ ತಕಾರ ಟಕಾರಗಳ ವ್ಯತ್ಯಾಸವನ್ನು ಇಂಗ್ಲಿಷ್ ಮನೆಮಾತಿನ ಆರರಿಂದ ಎಂಟು ತಿಂಗಳ ಕೂಸುಗಳು ಗುರುತಿಸುತ್ತವೆಂದೂ, ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಗುರುತಿಸಲಾರವೆಂದೂ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ನಿನಗೆ ಆ ವಯಸ್ಸಿದ್ದಾಗ ನಿನ್ನ ಅಜ್ಜಿ ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುತ್ತ ದಿನವೂ ಮಾತಾಡುತ್ತಲೇ ಇರುತ್ತಿದ್ದರು. ಕೂಸಿಗೇನು ತಿಳಿದೀತು ಎಂದು ನಾನು ಆಗ ಎಣಿಸಿದ್ದು ತಪ್ಪಾಗಿತ್ತು.

ದೀಪಾವಳಿಗೆ ಬರುವಾಗ ಲ್ಯಾಪ್‌ಟಾಪ್ ತೆಗೆದುಕೊಂಡು ಬಾ. ಅಮ್ಮನ ಒಂದು ವಾಕ್ಯವನ್ನು ರೆಕಾರ್ಡ್ ಮಾಡಿ, ಒಂದು ಅಕ್ಷರ ಕತ್ತರಿಸಿ, ಒಮ್ಮೆ ಖಾಲಿ ಬಿಟ್ಟು, ಒಮ್ಮೆ ಅಲ್ಲಿ ನನ್ನ ಕೆಮ್ಮನ್ನು ಸೇರಿಸಿ ಮನೆಯವರಿಗೆಲ್ಲ ಕೇಳಿಸೋಣ.

ನಿನ್ನ ಅಪ್ಪ