ಪ್ರಬಂಧ ಮುಗಿಯಿತು, ಈಗ ಥ್ಯಾಂಕ್ಸ್ ಹೇಳಬೇಕು

ನನ್ನ ಪಿಎಚ್‌ಡಿ ಪ್ರಬಂಧ ಒಪ್ಪಿಗೆಯಾಯಿತು. ಯಹೂದಿ ಚಿಂತಕ ಮಾರ್ಡಕೈ ಕಪ್ಲಾನ್ ಬಗ್ಗೆ ಬರೆಯುತ್ತಿದ್ದದ್ದು ನಿಮಗೆಲ್ಲ ಗೊತ್ತು. ಗೈಡ್‌ಗೆ, ನ್ಯೂಯಾರ್ಕಿನ ಲೈಬ್ರರಿಯವರಿಗೆ, ಹೀಬ್ರೂ ಕಲಿಸಿದ ಮೇಡಂಗೆ, ಕರಡು ಓದಿದ ಗೆಳೆಯರಿಗೆ, ಊರಲ್ಲಿ ಅಮ್ಮನ ಜೊತೆಗಿದ್ದ ಚಿಕ್ಕಮ್ಮನಿಗೆ ತುಂಬಾ ಥ್ಯಾಂಕ್ಸ್.

ಇನ್ನು ನಮ್ಮ ಮನೆ ಓನರ್. ವಯಸ್ಸಾದ ಯಹೂದಿ ಹೆಂಗಸು. ದೇವರಿಲ್ಲ ಎಂದು ನೇರವಾಗಿ ಹೇಳುವವರು. ಅಪ್ಪ ಹೋದ ರಾತ್ರಿ, ಊರಿಗೆ ಹೋಗಲು ದಾರಿಯೇ ಇಲ್ಲದೆ ನಾನು ಕೂತಿದ್ದಾಗ ಮೇಲೆ ಬಂದರು. ಏನೂ ಮಾತಾಡಲಿಲ್ಲ. ಕನ್ನಡಿಗೆ ಬಟ್ಟೆ ಹೊದಿಸಿದರು. ತಮ್ಮ ಅಪ್ಪನ ಪುಣ್ಯತಿಥಿಗೆ ತಂದಿಟ್ಟಿದ್ದ, ಇಡೀ ದಿನ ಉರಿಯುವ ಮೇಣದ ಬತ್ತಿ ಹಚ್ಚಿದರು. ನನ್ನ ಪಕ್ಕ ನೆಲದ ಮೇಲೆ ಕೂತರು. ಬೆಳಗಾಗುವ ತನಕ ಏಳಲಿಲ್ಲ.

ಯಹೂದಿಗಳು ಸಾವಾದ ಮನೆಯಲ್ಲಿ ಏಳು ದಿನ ದುಃಖಾಚರಣೆಗೆ ಕೂರುತ್ತಾರೆ, ಅದಕ್ಕೆ ಶಿವಾ ಎನ್ನುತ್ತಾರೆ. ದುಃಖದಲ್ಲಿರುವವರು ಮಾತಾಡುವ ತನಕ ಬಂದವರು ಬಾಯಿ ತೆರೆಯಬಾರದು. ಬೈಬಲ್ಲಿನ ಕಥೆಯಲ್ಲಿ, ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು, ಏಳು ರಾತ್ರಿ ಅವನ ಜೊತೆ ಸುಮ್ನೆ ನೆಲದ ಮೇಲೆ ಕೂತಿದ್ದರಂತೆ.

ಬೆಳಗಿನ ಜಾವ ನಾನೇ ಕೇಳಿದೆ, ನಂಬಿಕೆಯಿಲ್ಲದೆ ಇದೆಲ್ಲ ಯಾಕೆ? ತಮ್ಮ ಅಪ್ಪ ತೀರಿಕೊಂಡಾಗ ಹನ್ನೊಂದು ತಿಂಗಳು ಸಿನಗಾಗ್‌ನಲ್ಲಿ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಸತ್ತವರಿಗಾಗಿ ಹೇಳುವ ಕದ್ದಿಷ್ ಎಂಬ ಪ್ರಾರ್ಥನೆ ಹೇಳಿದ್ದರಂತೆ. ಅದನ್ನು ಒಬ್ಬರೇ ಹೇಳುವ ಹಾಗಿಲ್ಲ, ಹತ್ತು ಜನ ಸೇರಬೇಕು. ಅದರಲ್ಲಿ ಸಾವಿನ ಮಾತೇ ಇಲ್ಲ, ದೇವರ ಹೊಗಳಿಕೆ ಮಾತ್ರ. "ಆ ಹೊಗಳಿಕೆ ನಾನು ಒಪ್ಪುವುದಿಲ್ಲ. ಆದರೆ ಒಂಬತ್ತು ಜನ ಬಂದು ನಿಂತಿದ್ದರಲ್ಲ" ಎಂದರು.

ಕಪ್ಲಾನ್ 1934ರಲ್ಲೇ ವಾದಿಸಿದ್ದು ಇದನ್ನೇ ಅಲ್ವಾ? ಯಹೂದಿತನ ಬರೀ ಮತವಲ್ಲ, ಒಂದು ನಾಗರಿಕತೆ. ಪವಾಡ ಮಾಡುವ ದೇವರನ್ನು ಬಿಟ್ಟರೂ ಜನ, ಆಚರಣೆ, ನೆನಪು ಉಳಿಯಬೇಕು. ಅದಕ್ಕೇ 1945ರಲ್ಲಿ ಸಂಪ್ರದಾಯಸ್ಥ ರಬ್ಬಿಗಳು (ಯಹೂದಿ ಧರ್ಮಗುರುಗಳು) ಅವರಿಗೆ ಬಹಿಷ್ಕಾರ ಹಾಕಿದರು. ಅವರ ಪ್ರಾರ್ಥನಾ ಪುಸ್ತಕವನ್ನು ಸುಟ್ಟರು. ಕಪ್ಲಾನ್ ಪಾಠ ಮಾಡುತ್ತಿದ್ದ ಸೆಮಿನರಿಯಲ್ಲೇ, ಅಂದ್ರೆ ರಬ್ಬಿಗಳನ್ನು ತಯಾರು ಮಾಡುವ ಕಾಲೇಜಿನಲ್ಲೇ, ಪಾಠ ಮಾಡಿದ ಇನ್ನೊಬ್ಬ ಯಹೂದಿ ಚಿಂತಕ ಹೆಶೆಲ್ ಮಾತ್ರ, ದೇವರೇ ಮನುಷ್ಯನನ್ನು ಹುಡುಕುತ್ತಿದ್ದಾನೆ ಎನ್ನುತ್ತಿದ್ದರು. ಆ ರಾತ್ರಿ ನನ್ನನ್ನು ಯಾವ ದೇವರೂ ಹುಡುಕಿಕೊಂಡು ಬರಲಿಲ್ಲ. ಅಪ್ಪನ ಬಾಯಿಗೆ ನೀರು ಬಿಡಲು ನಾನಿರಲಿಲ್ಲ. ಅದು ಈಗಲೂ ಸುಡುತ್ತದೆ. ಹುಡುಕಿಕೊಂಡು ಬಂದದ್ದು, ಮಂಡಿ ನೋವಿದ್ದರೂ ಮೆಟ್ಟಿಲು ಹತ್ತಿ ಬಂದ ಈ ಅಮ್ಮ.

ಪ್ರಬಂಧದ ಕೊನೇ ಅಧ್ಯಾಯವನ್ನು ಆಮೇಲೆ ಪೂರ್ತಿ ಹೊಸದಾಗಿ ಬರೆದೆ. ಅದು ಅವರಿಗೆ ಅರ್ಪಣೆ.

ಅಪ್ಪನ ವರ್ಷದ ತಿಥಿಗೆ ಶಿವಮೊಗ್ಗಕ್ಕೆ ಅವರೂ ಬರುತ್ತಿದ್ದಾರೆ. ಮಂತ್ರದ ಅರ್ಥ ಖಂಡಿತ ಕೇಳುತ್ತಾರೆ. ಗೊತ್ತಿರುವವರು ಪಕ್ಕದಲ್ಲಿ ಕೂತು ಹೇಳಿಕೊಡಿ.